ಮೆಂತ್ಯ: ಕಾಳಿನ ಸತ್ವಗಳು ಮತ್ತು ಹೈದರಾಬಾದಿನ ಸಂಶೋಧನೆ

ಮೆಂತ್ಯ ತೊಗರಿ, ಕಡಲೆ, ಹೆಸರುಗಳ ಕುಟುಂಬವಾದ ಫ್ಯಾಬೇಸಿಗೆ ಸೇರಿದ ವಾರ್ಷಿಕ ಸಸ್ಯ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರೈಗೊನೆಲ್ಲ ಫೀನಮ್-ಗ್ರೀಕಮ್. ಎಲೆಯನ್ನು ಸೊಪ್ಪಾಗಿಯೂ ಕಾಳನ್ನು ಮಸಾಲೆಯಾಗಿಯೂ ಬಳಸುತ್ತಾರೆ. ಗಿಡ ಒಂದೆರಡು ಅಡಿ ಎತ್ತರ ಬೆಳೆಯುತ್ತದೆ. ಮೂರು ಮೂರು ಎಲೆಗಳ ಜೋಡಣೆ, ಮಾಸಲು ಹಳದಿ ಹೂ, ತುಸು ಬಾಗಿದ ಸಪೂರ ಕಾಯಿ. ಕಾಯೊಳಗಿನ ಕಾಳು ಹಳದಿ ಮಿಶ್ರಿತ ಕಂದು ಬಣ್ಣದ್ದು, ಗಟ್ಟಿ, ಚೌಕಾಕಾರದ್ದು. ಒಂದು ಮಗ್ಗುಲಲ್ಲಿ ಓರೆಯಾದ ಗೀರು ಇರುತ್ತದೆ. ಒಂದು ಕಾಳಿನ ತೂಕ 10ರಿಂದ 20 ಮಿಲಿಗ್ರಾಂ. ಈಜಿಪ್ಟಿನ ದೊರೆ ಟುಟಾಂಖಾಮನ್ನನ ಗೋರಿಯಲ್ಲೂ ಮೆಂತ್ಯದ ಕಾಳು ದೊರೆತಿದೆ. ಇಂದು ಭಾರತದಲ್ಲಿ ಇದರ ಹೆಚ್ಚಿನ ಬೆಳೆ ರಾಜಸ್ಥಾನ, ಮಧ್ಯಪ್ರದೇಶ, ಗುಜರಾತುಗಳಿಂದ ಬರುತ್ತದೆ.

ಮಸಾಲೆಗಳ ಪೈಕಿ ಮೆಂತ್ಯಕ್ಕೆ ಪ್ರತ್ಯೇಕ ಸ್ಥಾನವಿದೆ. ಅರಿಸಿನ, ಮೆಣಸು, ಶುಂಠಿಗಳಲ್ಲಿ ಗುಣವಿರುವುದು ಅಲ್ಪ ಪ್ರಮಾಣದ ಯಾವುದೋ ಒಂದು ಬಣ್ಣದಲ್ಲೋ ಖಾರದಲ್ಲೋ ಎಣ್ಣೆಯಲ್ಲೋ. ಮೆಂತ್ಯ ಹಾಗಲ್ಲ. ಅದು ಒಗ್ಗರಣೆಗೆ ಬಿದ್ದರೂ ಮೂಲತಃ ಒಂದು ಬೇಳೆಯ ಜಾತಿ. ಅದರ ಗುಣದ ದೊಡ್ಡ ಪಾಲು ನೆನೆಸಿದಾಗ ಕೈಗೆ ಅಂಟುವ ಲೋಳೆಯಲ್ಲಿದೆ. ಈ ಮಾತು ಊಹೆಯಾಗಿ ಉಳಿಯದೆ ಅಳತೆಗೆ ಸಿಕ್ಕಿದ್ದು ಬಹುಮಟ್ಟಿಗೆ ಹೈದರಾಬಾದಿನಲ್ಲಿ, ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಿಂದ.

ಹೈದರಾಬಾದಿನ ಅಡುಗೆಮನೆ

ಮೆಂತ್ಯವಿಲ್ಲದ ಅಡುಗೆಮನೆ ಈ ನಗರದಲ್ಲಿ ಸಿಗುವುದು ಕಷ್ಟ. ತೆಲುಗರ ಆವಕಾಯಿಗೆ ಸಾಸಿವೆಪುಡಿ, ಖಾರದಪುಡಿಗಳ ಜೊತೆ ಇಡೀ ಮೆಂತ್ಯ ಬೀಳುತ್ತದೆ; ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆದ ಆ ಕಾಳು ಮೆದುವಾಗಿ, ಕಹಿ ಇಳಿದು, ಕೊನೆಗೆ ಜಾಡಿಯ ತಳದಲ್ಲಿ ಅದನ್ನೇ ಹುಡುಕಿ ತಿನ್ನುವವರಿದ್ದಾರೆ. ದಖನಿ ಮುಸ್ಲಿಮರ ಬಘಾರಾ ಬೈಂಗನ್, ಮಿರ್ಚಿ ಕಾ ಸಾಲನ್‌ಗಳಲ್ಲಿ ಶೇಂಗಾ, ಎಳ್ಳು, ಕೊಬ್ಬರಿಯ ದಪ್ಪ ಮಸಾಲೆಗೆ ಒಳಗಿನಿಂದ ತೆಳುವಾದ ಕಹಿ ಕೊಡುವುದು ಇದೇ ಕಾಳು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳು ಹೈದರಾಬಾದ್ ಸಂಸ್ಥಾನ, ಬಳಿಕ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಹಾಗಾಗಿ ನಗರದ ಕಾಚಿಗುಡದ ಸುತ್ತಮುತ್ತಲಿನ ಕನ್ನಡ ಮನೆಗಳಿಗೆ ಜೋಳದ ರೊಟ್ಟಿ, ಅದರ ಮಗ್ಗುಲಿಗೆ ಹಸಿ ಮೆಂತ್ಯದ ಸೊಪ್ಪು, ಶೇಂಗಾ ಹಿಂಡಿ ಹೊಸದೇನಲ್ಲ. ಹಳೆ ಮೈಸೂರಿನ ಕಡೆಯಿಂದ ಬಂದವರು ಹುಳಿಪುಡಿ, ಮೆಂತ್ಯದ ಹಿಟ್ಟು, ಮೆಂತ್ಯದ ಗೊಜ್ಜು, ಮೆಂತ್ಯದ ದೋಸೆಗಳನ್ನು ತಂದರು. ಬಾಣಂತಿಗೆ ಮೆಂತ್ಯದ ಉಂಡೆ ಕೊಡುವ ರೂಢಿ ಮೂರೂ ಸಮುದಾಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇದೆ.

ಇಲ್ಲೊಂದು ಲೆಕ್ಕ ನೆನಪಿಡಬೇಕು. ಒಗ್ಗರಣೆಗೆ ಹಾಕುವ ಚಿಟಿಕೆ ಮೆಂತ್ಯ ಇಪ್ಪತ್ತು ಮೂವತ್ತು ಕಾಳಾದರೆ ಹೆಚ್ಚು. ಅದು ಅರ್ಧ ಗ್ರಾಮಿನ ಆಸುಪಾಸು. ಅದೂ ನಾಲ್ಕೈದು ಜನರ ಪಾಲಿಗೆ. ಸಂಶೋಧನೆಗಳು ಮಾತಾಡುವುದು ಒಬ್ಬರಿಗೆ ದಿನಕ್ಕೆ 5ರಿಂದ 100 ಗ್ರಾಂವರೆಗಿನ ಅಳತೆಯಲ್ಲಿ. ಸಾರಿನಲ್ಲಿ ಮೆಂತ್ಯ ಇದೆಯಲ್ಲ, ಸಕ್ಕರೆ ಕಾಯಿಲೆ ಹತ್ತಿರ ಸುಳಿಯದು ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಕಾಳಿನೊಳಗೆ ಏನಿದೆ

ಒಣ ಮೆಂತ್ಯದಲ್ಲಿ 100 ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನು, 6 ಗ್ರಾಮಿನಷ್ಟು ಕೊಬ್ಬು ಇರುತ್ತವೆ. ಪ್ರೋಟೀನಿನ ಗುಣ ಇತರ ಬೇಳೆಗಳದ್ದೇ: ಲೈಸೀನ್ ಧಾರಾಳ, ಮೆಥಿಯೊನೀನ್ ಕಡಿಮೆ. ಕುತೂಹಲದ ಸಂಗತಿ ನಾರಿನದು. ಸಿ. ಗೋಪಾಲನ್, ಬಿ. ವಿ. ರಾಮಶಾಸ್ತ್ರಿ, ಎಸ್. ಸಿ. ಬಾಲಸುಬ್ರಮಣಿಯನ್ 1971ರಲ್ಲಿ ಸಿದ್ಧಪಡಿಸಿದ ಆಹಾರ ಕೋಷ್ಟಕ ದೇಶದ ಪ್ರತಿ ಆಹಾರತಜ್ಞರ ಮೇಜಿನ ಮೇಲಿದ್ದ ಪುಸ್ತಕ. ಅದರಲ್ಲಿ ಮೆಂತ್ಯದ ನಾರು ಸುಮಾರು 7 ಗ್ರಾಂ, ಶರ್ಕರಪಿಷ್ಟ ಸುಮಾರು 44 ಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಹೊಸ ಕೋಷ್ಟಕದಲ್ಲಿ ನಾರು ಸುಮಾರು 48 ಗ್ರಾಮಿಗೆ ಏರಿದೆ, ಶರ್ಕರಪಿಷ್ಟ 10 ಗ್ರಾಮಿನ ಆಸುಪಾಸಿಗೆ ಇಳಿದಿದೆ.

ಕಾಳು ಬದಲಾಗಿಲ್ಲ, ಅಳೆಯುವ ಕ್ರಮ ಬದಲಾಗಿದೆ. ಹಳೆಯ ವಿಧಾನದಲ್ಲಿ ಪುಡಿಯನ್ನು ಮೊದಲು ತೆಳು ಆಮ್ಲದಲ್ಲಿ, ಆಮೇಲೆ ತೆಳು ಕ್ಷಾರದಲ್ಲಿ ಕುದಿಸಿ, ಕರಗದೆ ಉಳಿದ ಚರಟವನ್ನಷ್ಟೇ ನಾರು ಎಂದು ತೂಗುತ್ತಿದ್ದರು. ನೀರಿನಲ್ಲಿ ಕರಗುವ ಲೋಳೆ ಈ ಕುದಿತದಲ್ಲಿ ಕೈಬಿಟ್ಟುಹೋಗುತ್ತಿತ್ತು. ಶರ್ಕರಪಿಷ್ಟವನ್ನು ನೇರವಾಗಿ ಅಳೆಯದೆ, ಮಿಕ್ಕದ್ದನ್ನೆಲ್ಲ ಕಳೆದು ಉಳಿದದ್ದು ಎಂದು ಬರೆಯುತ್ತಿದ್ದರಿಂದ ಆ ಲೋಳೆಯ ತೂಕ ಹೋಗಿ ಅಲ್ಲಿ ಸೇರಿಕೊಳ್ಳುತ್ತಿತ್ತು. ರಕ್ತಕ್ಕೆ ಸಕ್ಕರೆ ಸೇರುವ ವೇಗವನ್ನು ತಗ್ಗಿಸುವ ಪದಾರ್ಥವೇ ಹಳೆಯ ಪುಸ್ತಕದಲ್ಲಿ ಸಕ್ಕರೆ ಹೆಚ್ಚಿಸುವ ಪದಾರ್ಥದ ಖಾನೆಯಲ್ಲಿ ಕೂತಿತ್ತು!

ಈ ಲೋಳೆಯ ರಾಸಾಯನಿಕ ಹೆಸರು ಗ್ಯಾಲಕ್ಟೋಮ್ಯಾನನ್. ಮ್ಯಾನೋಸ್ ಎಂಬ ಸಕ್ಕರೆಯ ಉದ್ದನೆಯ ಸರಪಳಿ, ಅದರ ಪಕ್ಕಕ್ಕೆ ಅಲ್ಲಲ್ಲಿ ಗ್ಯಾಲಕ್ಟೋಸ್ ಕೊಂಡಿಗಳು. ಗೋರಿಕಾಯಿಯ ಬೀಜದಿಂದ ತೆಗೆಯುವ ಗೌರ್ ಅಂಟಿನಲ್ಲಿ ಎರಡು ಮ್ಯಾನೋಸಿಗೆ ಒಂದು ಗ್ಯಾಲಕ್ಟೋಸ್ ಇದ್ದರೆ, ಮೆಂತ್ಯದಲ್ಲಿ ಹೆಚ್ಚುಕಡಿಮೆ ಒಂದಕ್ಕೊಂದು. ಪಕ್ಕದ ಕೊಂಡಿ ಹೆಚ್ಚಿದಷ್ಟೂ ಸರಪಳಿಗಳು ಒಂದಕ್ಕೊಂದು ಮೆತ್ತಿಕೊಳ್ಳದೆ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬೆರಳಿನಿಂದ ಒತ್ತಿದರೆ ಹೊರಸಿಪ್ಪೆ ಜಾರಿ, ಅದರಡಿಯ ಗಾಜಿನಂಥ ಜಾರುಪದರ ಕಾಣುತ್ತದೆ. ಅದೇ ಭ್ರೂಣಾಹಾರ; ಗ್ಯಾಲಕ್ಟೋಮ್ಯಾನನ್ ಇರುವುದು ಅಲ್ಲಿ. ಒಳಗಿನ ಹಳದಿ ದಳಗಳಲ್ಲಿ ಪ್ರೋಟೀನು, ಎಣ್ಣೆ ಮತ್ತು ಕಹಿಯ ಹೆಚ್ಚಿನ ಪಾಲು. ದೋಸೆ, ಇಡ್ಲಿಯ ಹಿಟ್ಟಿಗೆ ಒಂದು ಚಮಚ ಮೆಂತ್ಯ ನೆನೆಹಾಕಿದರೆ ಹುದುಗು ಚೆನ್ನಾಗಿ ಬರುವುದೂ ಈ ಲೋಳೆ ಗಾಳಿಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ.

ಕಹಿಗೆ ಕಾರಣ ಸಪೋನಿನ್‌ಗಳು, ಅವುಗಳಲ್ಲೂ ಮುಖ್ಯವಾಗಿ ಫ್ಯೂರೊಸ್ಟನಾಲ್ ಗುಂಪಿನವು. ಆಮ್ಲದಲ್ಲಿ ಒಡೆದಾಗ ಇವುಗಳಿಂದ ಡಯೋಸ್‌ಜೆನಿನ್ ಎಂಬ ಸ್ಟೀರಾಯ್ಡ್ ಮೂಲವಸ್ತು ದೊರೆಯುತ್ತದೆ. ಕಾಳಿನ ತೂಕದಲ್ಲಿ ಅದು ಶೇಕಡಾ ಒಂದಕ್ಕೂ ಕಡಿಮೆ. ಪ್ರಯೋಗಾಲಯದಲ್ಲಿ ಡಯೋಸ್‌ಜೆನಿನ್‌ನಿಂದ ಹಾರ್ಮೋನು ತಯಾರಿಸಬಹುದು, ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮೆಕ್ಸಿಕೋದ ಕಾಡುಗೆಣಸಿನಿಂದ ಹಾಗೆ ಮಾಡಿದರು ಕೂಡ. ಆದರೆ ಮನುಷ್ಯನ ದೇಹಕ್ಕೆ ಆ ರಸವಿದ್ಯೆ ಗೊತ್ತಿಲ್ಲ. ಜಿಮ್ಮುಗಳಲ್ಲಿ ಮಾರುವ ಮೆಂತ್ಯದ ಗುಳಿಗೆಗಳು ಈ ವ್ಯತ್ಯಾಸವನ್ನು ಮರೆಮಾಚಿಯೇ ವ್ಯಾಪಾರ ಮಾಡುತ್ತವೆ.

ಟ್ರೈಗೊನೆಲಿನ್ ಎಂಬ ಕ್ಷಾರಾಭವನ್ನು 1885ರಲ್ಲಿ ಯಾನ್ಸ್ ಎಂಬ ರಸಾಯನಜ್ಞ ಮೊದಲು ಬೇರ್ಪಡಿಸಿದ್ದು ಮೆಂತ್ಯದಿಂದಲೇ. ಹಸಿ ಕಾಫಿಬೀಜದಲ್ಲೂ ಇದು ಇದೆ. ಹುರಿದಾಗ ಇದರ ಒಂದಂಶ ನಯಾಸಿನ್ ಎಂಬ ಬಿ ಜೀವಸತ್ವವಾಗಿ ಮಾರ್ಪಡುತ್ತದೆ. ಇನ್ನೊಂದು, 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲ. ಪ್ರೋಟೀನಿನಲ್ಲಿ ಬೆಸೆದುಕೊಳ್ಳದೆ ಬಿಡಿಯಾಗಿರುವ ಅಮೈನೋ ಆಮ್ಲಗಳಲ್ಲಿ ಶೇಕಡಾ 80ರವರೆಗೆ ಇದೇ ಇರಬಹುದು. ಫ್ರಾನ್ಸಿನ ಮಾಂಪೆಲಿಯೆಯ ಸೊವೇರ್ ಮತ್ತು ಸಂಗಡಿಗರು 1998ರಲ್ಲಿ ಇಲಿ ಹಾಗೂ ಮನುಷ್ಯರ ಮೇದೋಜೀರಕದ ಕೋಶಗುಚ್ಛಗಳನ್ನು ಬೇರ್ಪಡಿಸಿ ಪರೀಕ್ಷಿಸಿ, ಇದು ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುತ್ತದೆಂದು ತೋರಿಸಿದರು. ಸುತ್ತಲಿನ ಗ್ಲೂಕೋಸ್ ಏರಿದ್ದಾಗ ಮಾತ್ರ ಅದು ಹಾಗೆ ವರ್ತಿಸುತ್ತದೆ ಎಂಬುದು ವಿಶೇಷ.

ಮೆಂತ್ಯದ ಕಂಪು ಸೊಟೊಲಾನ್ ಎಂಬ ಅತಿ ತೀಕ್ಷ್ಣ ಪರಿಮಳದ ವಸ್ತುವಿನದು. ಇದು ಬೆವರು, ಮೂತ್ರಗಳಲ್ಲಿ ಹಾಗೇ ಹೊರಬರುತ್ತದೆ. 2005ರಿಂದ ನಾಲ್ಕು ವರ್ಷ ನ್ಯೂಯಾರ್ಕ್ ನಗರಕ್ಕೆ ಆಗಾಗ ಮೇಪಲ್ ಪಾಕದ ಸಿಹಿವಾಸನೆ ಬಡಿದು ಜನ ಗಾಬರಿಯಾಗುತ್ತಿದ್ದರು. 2009ರಲ್ಲಿ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನದಿಯಾಚೆ ನ್ಯೂಜೆರ್ಸಿಯಲ್ಲಿ ಮೆಂತ್ಯ ಸಂಸ್ಕರಿಸುತ್ತಿದ್ದ ಒಂದು ಕಾರ್ಖಾನೆ. ವೈದ್ಯರಿಗೂ ಈ ವಾಸನೆ ಪೇಚು ತಂದಿದೆ: ಹೆರಿಗೆಗೆ ಮುನ್ನ ತಾಯಿ ಮೆಂತ್ಯ ಸೇವಿಸಿದ್ದರಿಂದ ಹಸುಗೂಸಿನ ಮೈ ಆ ವಾಸನೆ ಬೀರಿ, ಮೇಪಲ್ ಪಾಕದ ಮೂತ್ರರೋಗವೆಂಬ ಅಪರೂಪದ ಆನುವಂಶಿಕ ಕಾಯಿಲೆ ಇರಬೇಕೆಂದು ಶಂಕಿಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ತಾರ್ನಾಕದ ಪ್ರಯೋಗಗಳು

ರಾಷ್ಟ್ರೀಯ ಪೋಷಣಾ ಸಂಸ್ಥೆ ಶುರುವಾದದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ರಾಬರ್ಟ್ ಮೆಕ್ಯಾರಿಸನ್ ನಡೆಸುತ್ತಿದ್ದ ಬೆರಿಬೆರಿ ವಿಚಾರಣೆಯ ಒಂದು ಸಣ್ಣ ಘಟಕವಾಗಿ. 1958ರಲ್ಲಿ ಹೈದರಾಬಾದಿಗೆ ಬಂತು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ತಾರ್ನಾಕದ ಬಳಿ ನೆಲೆಯಾಯಿತು. ಈಗಿನ ಹೆಸರು 1969ರದು. ಕೊರತೆಯ ಕಾಯಿಲೆಗಳನ್ನೇ ಬೆನ್ನಟ್ಟುತ್ತಿದ್ದ ಸಂಸ್ಥೆ 1980ರ ದಶಕದಲ್ಲಿ ಮಸಾಲೆಗಳತ್ತಲೂ ಸಕ್ಕರೆ ಕಾಯಿಲೆಯತ್ತಲೂ ನೋಟ ಹರಿಸಿತು. ಅರಿಸಿನದ ಮೇಲೆ ಇಲ್ಲಿ ನಡೆದ ಕೆಲಸವೂ ಹೆಸರಾದದ್ದು: ಕಲ್ಪಗಂ ಪೊಲಾಸ, ಕಮಲಾ ಕೃಷ್ಣಸ್ವಾಮಿ ಮತ್ತಿತರರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 16 ಮಂದಿ ಧೂಮಪಾನಿಗಳು ದಿನಕ್ಕೆ 1.5 ಗ್ರಾಂ ಅರಿಸಿನವನ್ನು 30 ದಿನ ಸೇವಿಸಿದಾಗ ಅವರ ಮೂತ್ರದಲ್ಲಿನ ವಂಶವಾಹಿಗಳನ್ನು ಕೆಡಿಸುವ ವಸ್ತುಗಳು ಗಣನೀಯವಾಗಿ ಕಡಿಮೆಯಾದವು.

ಮೆಂತ್ಯದ ಕೆಲಸದ ಮುಂದಾಳು ಆರ್. ಡಿ. ಶರ್ಮಾ. ಅವರ 1986ರ ಪ್ರಬಂಧದ ಜಾಣ್ಮೆ ಇರುವುದು ಕಾಳನ್ನು ಬಿಡಿಸಿ ನೋಡಿದ್ದರಲ್ಲಿ. ಇಡೀ ಕಾಳು, ಬೇಯಿಸಿದ ಕಾಳು, ಸಾರ ತೆಗೆದು ಉಳಿದ ಕಾಳು, ಲೋಳೆ ಮಾತ್ರ, ಲೋಳೆ ತೆಗೆದ ಕಾಳು, ಬೇಯಿಸಿದ ಸೊಪ್ಪು ಹೀಗೆ ಬೇರೆ ಬೇರೆ ರೂಪಗಳನ್ನು ಜನರಿಗೆ ಕೊಟ್ಟು, ರಕ್ತದ ಗ್ಲೂಕೋಸ್ ಏರಿಳಿತದ ರೇಖೆ ಎಷ್ಟು ತಗ್ಗುತ್ತದೆಂದು ಅಳೆದರು. ಇಡೀ ಕಾಳಿನಿಂದ ಸುಮಾರು ಶೇಕಡಾ 42, ಬರೀ ಲೋಳೆಯಿಂದ ಸುಮಾರು 37, ಬೇಯಿಸಿದ ಕಾಳಿನಿಂದ ಸುಮಾರು 35ರಷ್ಟು ಇಳಿಕೆ. ಲೋಳೆ ತೆಗೆದ ಕಾಳಿನಿಂದ, ಸೊಪ್ಪಿನಿಂದ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಇಷ್ಟು ಸರಳ ಪ್ರಯೋಗ ಇಷ್ಟು ಸ್ಪಷ್ಟ ಉತ್ತರ ಕೊಡುವುದು ಪೋಷಣಾ ವಿಜ್ಞಾನದಲ್ಲಿ ಅಪರೂಪ. ಮೆಂತ್ಯದ ಸೊಪ್ಪನ್ನು ಕಬ್ಬಿಣ, ಫೋಲೇಟ್, ಬೀಟಾ ಕ್ಯಾರೋಟಿನ್‌ಗಾಗಿ ತಿನ್ನಬೇಕು. ಸಕ್ಕರೆಯ ಲೆಕ್ಕಕ್ಕೆ ಅದು ಕಾಳಿನ ಬದಲಿಯಲ್ಲ.

1990ರಲ್ಲಿ ಶರ್ಮಾ ಮತ್ತು ಟಿ. ಸಿ. ರಘುರಾಂ ಪ್ರಕಟಿಸಿದ ಅಧ್ಯಯನ ಇನ್ಸುಲಿನ್ ಅವಲಂಬಿತ ಮಧುಮೇಹಿಗಳದ್ದು. ಕೊಬ್ಬು ತೆಗೆದ ಮೆಂತ್ಯದ ಪುಡಿ 100 ಗ್ರಾಂ, ಮಧ್ಯಾಹ್ನದ ಊಟಕ್ಕೆ ಅರ್ಧ, ರಾತ್ರಿಯ ಊಟಕ್ಕೆ ಅರ್ಧ, ಹತ್ತು ದಿನ. ಮೂತ್ರದಲ್ಲಿ ದಿನವಿಡೀ ಹೊರಹೋಗುವ ಗ್ಲೂಕೋಸ್ ಶೇಕಡಾ 54ರಷ್ಟು ಇಳಿಯಿತು. ಒಟ್ಟು ಕೊಲೆಸ್ಟರಾಲ್, ಕೆಟ್ಟದ್ದೆನ್ನುವ ಎಲ್‌ಡಿಎಲ್, ಟ್ರೈಗ್ಲಿಸರೈಡ್‌ಗಳೂ ತಗ್ಗಿದವು, ಎಚ್‌ಡಿಎಲ್ ಇದ್ದಂತೆಯೇ ಇತ್ತು. ಆದರೆ 100 ಗ್ರಾಂ ಮೆಂತ್ಯದ ಪುಡಿಯನ್ನು ದಿನಾ ಯಾರು ತಿಂದಾರು? ಅನಂತರದ ಅಧ್ಯಯನಗಳು 25 ಗ್ರಾಮಿಗೆ ಇಳಿದವು. 1996ರಲ್ಲಿ ಶರ್ಮಾ, ಆಗ್ರಾದ ಡಿ. ಕೆ. ಹಜ್ರಾ ಮುಂತಾದವರು 60 ಮಂದಿ ಮಧುಮೇಹಿಗಳಿಗೆ ದಿನಕ್ಕೆ 25 ಗ್ರಾಂ ಪುಡಿಯನ್ನು 24 ವಾರ ಕೊಟ್ಟು, ಸಕ್ಕರೆಯ ಮಟ್ಟ ಇಳಿದದ್ದನ್ನು ವರದಿ ಮಾಡಿದರು. ಪೋಷಣಾ ಸಂಸ್ಥೆ ಸಾಮಾನ್ಯರಿಗೆ ಕೊಟ್ಟ ಸಲಹೆಯೂ ಇದೇ ಅಳತೆಯದು: ನೆನೆಸಿದ ಕಾಳನ್ನೋ ಪುಡಿಯನ್ನೋ ಎರಡು ಪಾಲು ಮಾಡಿ, ಊಟಕ್ಕೆ ತುಸು ಮುಂಚೆ ನೀರು ಅಥವಾ ಮಜ್ಜಿಗೆಯಲ್ಲಿ; ಇಲ್ಲವೇ ಚಪಾತಿ, ದೋಸೆ, ಬೇಳೆಯಲ್ಲಿ ಬೆರೆಸಿ.

ಲೋಳೆ ಹೇಗೆ ಕೆಲಸ ಮಾಡುತ್ತದೆ? ಅದು ಹೊಟ್ಟೆಯಲ್ಲಿ ಉಬ್ಬಿ ಅನ್ನದ ಗಂಜಿಯನ್ನು ಮಂದಗೊಳಿಸುತ್ತದೆ. ಜಠರ ಬರಿದಾಗುವುದು ತಡವಾಗುತ್ತದೆ, ಕರುಳಿನ ಗೋಡೆಗೆ ಗ್ಲೂಕೋಸ್ ತಲುಪುವುದು ನಿಧಾನವಾಗುತ್ತದೆ. ಪಿತ್ತಾಮ್ಲಗಳನ್ನು ಲೋಳೆ ಮತ್ತು ಸಪೋನಿನ್ ಎರಡೂ ಹಿಡಿದು ಮಲದಲ್ಲಿ ಹೊರಹಾಕುವುದರಿಂದ, ಅವನ್ನು ಹೊಸದಾಗಿ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಖರ್ಚು ಮಾಡಬೇಕಾಗುತ್ತದೆ. ಇದಿಷ್ಟೇ ಆಗಿದ್ದರೆ ಕತೆ ಮುಗಿಯುತ್ತಿತ್ತು. ಆದರೆ 1994ರಲ್ಲಿ ರಘುರಾಂ, ಶರ್ಮಾ, ಬಿ. ಶಿವಕುಮಾರ್ ಹಾಗೂ ಹೈದರಾಬಾದಿನ ಮಧುಮೇಹತಜ್ಞ ಬಿ. ಕೆ. ಸಹಾಯ್ ಇನ್ನೊಂದು ಬಗೆಯಲ್ಲಿ ಕೇಳಿದರು: ಗ್ಲೂಕೋಸನ್ನು ಬಾಯಿಂದ ಕೊಡದೆ ನೇರ ರಕ್ತನಾಳಕ್ಕೆ ಕೊಟ್ಟರೆ? ದಿನಕ್ಕೆ 25 ಗ್ರಾಮಿನಂತೆ 15 ದಿನ ಮೆಂತ್ಯ ತಿಂದ ರೋಗಿಗಳ ರಕ್ತದಿಂದ ಆ ಗ್ಲೂಕೋಸೂ ಬೇಗ ಖಾಲಿಯಾಯಿತು. ಕೆಂಪು ರಕ್ತಕಣಗಳ ಮೇಲಿನ ಇನ್ಸುಲಿನ್ ಗ್ರಾಹಕಗಳೂ ಹೆಚ್ಚಿದ್ದವು. ಹೊಟ್ಟೆಯನ್ನು ದಾಟಿದ ಇನ್ನೇನೋ ಕೆಲಸವೂ ಮೆಂತ್ಯಕ್ಕಿದೆ ಎಂಬುದರ ಸುಳಿವು ಇದು. 4-ಹೈಡ್ರಾಕ್ಸಿ ಐಸೊಲ್ಯೂಸಿನ್ ಮೇಲೆ ಕಣ್ಣು ಬಿದ್ದದ್ದಕ್ಕೂ ಇಂಥ ಸುಳಿವುಗಳ ಹಿನ್ನೆಲೆಯಿದೆ.

ಅದೇ ನಗರದ ಪಂಜಾಗುಟ್ಟದಲ್ಲಿರುವ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ರಾವ್ ಅವರ ತಂಡ, ಕಾಯಿಲೆ ಇನ್ನೂ ಬಾರದ, ಹೊಸ್ತಿಲಲ್ಲಿರುವವರನ್ನು ಆರಿಸಿಕೊಂಡಿತು. 140 ಮಂದಿ, ಮೂರು ವರ್ಷ; ಒಂದು ಗುಂಪಿಗೆ ದಿನಕ್ಕೆರಡು ಬಾರಿ ಊಟಕ್ಕೆ ಮುಂಚೆ 5 ಗ್ರಾಂ ಮೆಂತ್ಯದ ಪುಡಿ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೆಂತ್ಯ ತಿನ್ನದವರಲ್ಲಿ ಮಧುಮೇಹ ಬರುವ ಸಾಧ್ಯತೆ 4.2 ಪಟ್ಟು ಹೆಚ್ಚಿತ್ತು. ದೊಡ್ಡ ಅಂತರವೇ ಸರಿ, ಆದರೆ ಅಧ್ಯಯನ ಸಣ್ಣದು. ಜೊತೆಗೆ ಮೆಂತ್ಯದ ಎಲ್ಲ ಅಧ್ಯಯನಗಳನ್ನೂ ಕಾಡುವ ಒಂದು ತೊಡಕಿದೆ: ಯಾರು ಮೆಂತ್ಯ ತಿಂದರು, ಯಾರು ತಿನ್ನಲಿಲ್ಲ ಎಂಬುದನ್ನು ಬಚ್ಚಿಡುವುದು ಕಷ್ಟ. ನಾಲಿಗೆಗೆ ಕಹಿ ತಿಳಿಯುತ್ತದೆ, ಮನೆಯವರಿಗೆ ಬೆವರಿನ ವಾಸನೆ ತಿಳಿಯುತ್ತದೆ. ತಾನು ಔಷಧಿ ತಿನ್ನುತ್ತಿದ್ದೇನೆಂದು ಗೊತ್ತಿರುವವನು ಸಂಜೆಯ ಜಿಲೇಬಿಯನ್ನೂ ಬಿಟ್ಟಿರಬಹುದು.

ಹತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ಒಂದು ವಿಶ್ಲೇಷಣೆ, ಬರಿಹೊಟ್ಟೆಯ ಸಕ್ಕರೆ ಸರಾಸರಿ ಸುಮಾರು 17 ಮಿಲಿಗ್ರಾಂ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 0.85ರಷ್ಟು ಇಳಿಯುತ್ತದೆಂದು ಕಂಡಿತು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ತಿಂದಲ್ಲಿ ಪರಿಣಾಮ ಎದ್ದು ಕಾಣಲಿಲ್ಲ. ಸೇರಿಸಿದ ಪ್ರಯೋಗಗಳಲ್ಲಿ ಹಲವು ಗುಣಮಟ್ಟದಲ್ಲಿ ಸಾಧಾರಣ ಎಂದೂ ಅದೇ ಲೇಖಕರು ಹೇಳಿದ್ದಾರೆ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲೂ ಕೆ. ಶ್ರೀನಿವಾಸನ್ ಅವರ ನೇತೃತ್ವದಲ್ಲಿ ಮೆಂತ್ಯದ ಕೆಲಸ ನಡೆದಿದೆ. ಕೊಲೆಸ್ಟರಾಲ್ ತುಂಬಿದ ಆಹಾರ ತಿಂದ ಚಿಟ್ಟಿಲಿಗಳಲ್ಲಿ ಪಿತ್ತಕೋಶದ ಕಲ್ಲು ಕಟ್ಟುವುದನ್ನು ಮೆಂತ್ಯ ತಗ್ಗಿಸುತ್ತದೆ, ಕಟ್ಟಿದ ಕಲ್ಲನ್ನೂ ಒಂದಿಷ್ಟು ಕರಗಿಸುತ್ತದೆ ಎಂದು 2009ರಲ್ಲಿ ತೋರಿಸಿದರು. ಇದು ಇನ್ನೂ ಪ್ರಾಣಿಗಳ ಮಟ್ಟದ ಮಾತು. ಕಹಿ ತೆಗೆದ ಮೆಂತ್ಯದ ಪುಡಿ ಇಲಿಗಳಿಗೆ ಸುರಕ್ಷಿತವೇ ಎಂಬ ಪರೀಕ್ಷೆಯೂ 1999ರಲ್ಲಿ ಅಲ್ಲಿಂದ ಪ್ರಕಟವಾಯಿತು. ಬಾಣಂತಿಗೆ ಮೆಂತ್ಯ ಕೊಟ್ಟರೆ ಎದೆಹಾಲು ಹೆಚ್ಚುತ್ತದೆಯೇ ಎಂಬ ವಿಚಾರದಲ್ಲಿ ಪ್ರಯೋಗಗಳ ಉತ್ತರ ಒಂದೇ ತೆರನಾಗಿಲ್ಲ. ಅಜ್ಜಿಯರ ವಿಶ್ವಾಸವೇ ಅಲ್ಲಿ ಸದ್ಯಕ್ಕೆ ಪುರಾವೆಗಿಂತ ಗಟ್ಟಿ.

ಬಳಕೆ ಮತ್ತು ಎಚ್ಚರ

ಬೇಯಿಸಿದರೆ ಲೋಳೆ ಹಾಳಾಗುವುದಿಲ್ಲ ಎಂಬುದು 1986ರ ಪ್ರಯೋಗದಿಂದಲೇ ಗೊತ್ತು. ಮೊಳಕೆ ಬರಿಸಿದರೆ ಕತೆ ಬೇರೆ. ಮೊಳೆಯುವ ಸಸಿಗೆ ಗ್ಯಾಲಕ್ಟೋಮ್ಯಾನನ್ ಬುತ್ತಿ. ಅದನ್ನು ಒಡೆದು ಸಕ್ಕರೆ ಮಾಡಿಕೊಂಡು ಬೆಳೆಯುತ್ತದೆ. ಮೊಳಕೆ ಮೆಂತ್ಯದಲ್ಲಿ ಕಹಿ ತಗ್ಗಿ ರುಚಿ ಏರುವುದು ನಿಜ, ಲೋಳೆ ಇಳಿಯುವುದೂ ಅಷ್ಟೇ ನಿಜ. ಹಸಿ ಮೊಳಕೆಗೆ ಇನ್ನೊಂದು ಅಪಾಯವಿದೆ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಒ104:ಎಚ್4 ಎಂಬ ಬ್ಯಾಕ್ಟೀರಿಯಾದಿಂದ ಸುಮಾರು 4,000 ಮಂದಿ ಕಾಯಿಲೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಮೂಲ ಹುಡುಕಿದಾಗ ಬೆರಳು ತೋರಿದ್ದು ಈಜಿಪ್ಟಿನಿಂದ ತರಿಸಿದ ಮೆಂತ್ಯದ ಕಾಳಿನ ಮೊಳಕೆಗಳತ್ತ. ಬೆಚ್ಚಗೆ, ತೇವವಾಗಿ ಎರಡು ದಿನ ಕಟ್ಟಿಡುವ ಬಟ್ಟೆಯೊಳಗೆ ಕಾಳು ಮಾತ್ರವಲ್ಲ, ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಆವಿಯಲ್ಲಿ ಬೇಯಿಸಿ ತಿನ್ನುವುದು ಒಳ್ಳೆಯದು.

ಒಮ್ಮೆಲೇ 25 ಗ್ರಾಂ ಶುರು ಮಾಡಿದವರಿಗೆ ಹೊಟ್ಟೆ ಉಬ್ಬರ, ಭೇದಿ ಸಾಮಾನ್ಯ. ಒಂದು ಚಮಚದಿಂದ ಆರಂಭಿಸಿ, ಬೇಕಷ್ಟು ನೀರು ಕುಡಿಯುತ್ತ, ವಾರಗಳಲ್ಲಿ ಏರಿಸುವುದು ವಾಸಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ದೊಡ್ಡ ಪ್ರಮಾಣದಲ್ಲಿ ಮೆಂತ್ಯ ಸೇರಿಸಿದರೆ ಸಕ್ಕರೆ ಅತಿಯಾಗಿ ಕುಸಿಯಬಹುದು. ವೈದ್ಯರಿಗೆ ತಿಳಿಸಿ ಮಾತ್ರೆಯ ಅಳತೆ ಸರಿಹೊಂದಿಸಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು. ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಔಷಧಿ ನುಂಗುವವರಿಗೂ ಇದೇ ಮಾತು. ಲೋಳೆ ಮಾತ್ರೆಗಳು ಹೀರಿಕೆಯಾಗುವುದನ್ನು ನಿಧಾನಿಸಬಹುದಾದ್ದರಿಂದ ಎರಡರ ನಡುವೆ ಒಂದೆರಡು ಗಂಟೆ ಬಿಡುವು ಬೇಕು. ಗರ್ಭಿಣಿಯರಿಗೆ ಅಡುಗೆಯ ಪ್ರಮಾಣದಿಂದ ತೊಂದರೆಯಿಲ್ಲ, ಔಷಧಿಯ ಪ್ರಮಾಣ ಬೇಡ. ಶೇಂಗಾ, ಕಡಲೆ ಒಗ್ಗದವರಲ್ಲಿ ಕೆಲವರಿಗೆ ಅದೇ ಕುಟುಂಬದ ಮೆಂತ್ಯವೂ ಅಲರ್ಜಿ ತರುತ್ತದೆ. ಬಘಾರಾ ಬೈಂಗನ್ ತಿಂದು ತುರಿಕೆ ಎದ್ದರೆ ಜನ ಬದನೆಕಾಯಿಯನ್ನೇ ದೂರುತ್ತಾರೆ. ಆ ಬಟ್ಟಲಲ್ಲಿ ಶೇಂಗಾ, ಎಳ್ಳು, ಮೆಂತ್ಯ ಮೂರೂ ಇರುತ್ತವೆ.